ಒಂದೇ ತೋಟಾ, ಎರಡು ಕೋವಿ

ಬಾಗಿಲ ಬಳಿಯೇ ಒಂದು ಮೇಜು, ಮೇಜಿನ ಮೇಲೆ ಡಬ್ಬಿ ತುಂಬ ಪ್ಲಾಸ್ಟಿಕ್ ಪಟ್ಟಿಗಳು. ಕೋವಿ ಹೊತ್ತು ಬಂದವರು ಅದನ್ನು ಇಲ್ಲಿ ಇಳಿಸಬೇಕು. ಕಾವಲಿನವರು ಒಳಗೆ ತೋಟಾ ಉಳಿದಿದೆಯೇ ಎಂದು ಬೆರಳು ಹಾಕಿ ನೋಡುತ್ತಾರೆ, ಆಮೇಲೆ ಪಟ್ಟಿ ತೂರಿಸಿ ಬಿಗಿಯುತ್ತಾರೆ. ಅಲ್ಲಿಂದ ಮುಂದೆ ಆ ಕೋವಿ ಸಿಡಿಯದು. ಇದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಜಾತ್ರೆ ಮೈದಾನ. ಬೇಸಿಗೆಯಲ್ಲಿ ದನಕುರಿಗಳ ಪ್ರದರ್ಶನ ನಡೆಯುವ ತಗಡಿನ ದೊಡ್ಡ ಚಪ್ಪರದಡಿ ವಾರಾಂತ್ಯದಲ್ಲಿ ಕೋವಿ ಸಂತೆ. ಇಲ್ಲಿಯವರ ಬಾಯಲ್ಲಿ ಗನ್ ಶೋ.

ಕೊಳ್ಳಲೆಂದು ನಾನು ಬಂದಿರಲಿಲ್ಲ. ಕೋವಿ ಬೇಕೆನ್ನುವವರು, ಬೇಡವೆನ್ನುವವರು ಎಂದು ಈ ದೇಶ ಎರಡಾಗಿರುವುದನ್ನು ಬೇಕಾದಷ್ಟು ಓದಿದ್ದೇವೆ. ಕೋವಿ ಇಟ್ಟುಕೊಂಡವರ ಒಳಗೇ ಇರುವ ಭಿನ್ನಮತ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಎಆರ್-15 ಎಂಬ ಕರಿ ರೈಫಲನ್ನು ಕುರಿತು ಅವರು ಏನನ್ನುತ್ತಾರೆ ಎಂದು ಕೇಳುವ ಆಸೆ ನನ್ನದು.

ಎಡಗಡೆಯ ಸಾಲು ಹಳೆಯದರದು. ಮೊದಲ ಮೇಜಿನಲ್ಲಿ ಚಕಮಕಿ ಕಲ್ಲಿನ ಉದ್ದನೆಯ ಕೋವಿಗಳು. ಜರ್ಮನಿಯಿಂದ ಬಂದು ನೆಲೆಸಿದ ಕಮ್ಮಾರರು ಹದಿನೆಂಟನೇ ಶತಮಾನದಲ್ಲಿ ಇದೇ ರಾಜ್ಯದಲ್ಲಿ ಬೆಳೆಸಿದ ಬಗೆ ಅದು. ಕ್ರಿಸ್‌ಮಸ್ ಕಳೆದ ಮೇಲೆ ಇಲ್ಲಿ ಚಕಮಕಿ ಕೋವಿಗೆಂದೇ ಜಿಂಕೆ ಬೇಟೆಯ ಒಂದು ಹಂಗಾಮು ಇದೆ. ಅದರ ಪಕ್ಕ ಕೆಳಗಿನ ಸನ್ನೆ ಎಳೆದು ತೋಟಾ ಏರಿಸುವ 1894ರ ವಿನ್ಯಾಸದ ರೈಫಲುಗಳು. ಅದರಾಚೆ ಬೋಲ್ಟ್ ರೈಫಲುಗಳು, ಎಣ್ಣೆ ಕುಡಿದು ಹೊಳೆಯುವ ವಾಲ್ನಟ್ ಮರದ ಹಿಡಿಗಳು. ಒಬ್ಬ ವೃದ್ಧರು ತಮ್ಮ ರೈಫಲಿನ ಹಿಡಿಯ ಮೇಲಿದ್ದ ಗೀರೊಂದನ್ನು ತೋರಿಸಿ, ಅದು ತಂದೆಯ ಕಾಲದ್ದು, ಬೇಕೆಂದೇ ಉಜ್ಜಿ ತೆಗೆಸಿಲ್ಲ ಎಂದರು. ನನಗೆ ಕೊಡಗು ನೆನಪಾಯಿತು. ಕೈಲ್ ಪೊಳ್ದ್ ಹಬ್ಬದ ದಿನ ಅಲ್ಲಿ ಕೋವಿಯನ್ನು ಮನೆಯ ನಡುಸಾಲೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿಟ್ಟು, ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಕೋವಿ ಅಲ್ಲಿ ಮನೆತನದ ವಸ್ತು. ಈ ವೃದ್ಧರ ಮಾತಿನಲ್ಲೂ ಅದೇ ಭಾವ ಇತ್ತು.

ಹಳೆಯ ಸಾಲು ಮುಗಿಯುವಲ್ಲಿ ಎರಡನೇ ಮಹಾಯುದ್ಧದ ಗರಾಂಡ್ ರೈಫಲು. ಮರದ ಮೈ, ಎಂಟು ತೋಟಾಗಳ ಕ್ಲಿಪ್ಪು. ಎಲ್ಲರೂ ಗೌರವದಿಂದ ಎತ್ತಿ ನೋಡುವ ಈ ರೈಫಲು ಸೇನೆಗೆ ಸೇರಿದ್ದು 1936ರಲ್ಲಿ, ಇದೂ ಸೆಮಿ ಆಟೋಮ್ಯಾಟಿಕ್ಕೇ. ಅಂದರೆ ಒಮ್ಮೆ ಕುದುರೆ ಎಳೆದರೆ ಒಂದೇ ಗುಂಡು. ಮುಂದಿನ ತೋಟಾ ತಾನಾಗಿ ಬಂದು ಕೂರುತ್ತದೆ, ಆದರೆ ಅದು ಹಾರಬೇಕಾದರೆ ಮತ್ತೆ ಎಳೆಯಬೇಕು. ಎಆರ್-15 ಕೂಡ ಅಷ್ಟೇ. ಕರಿ ರೈಫಲು ಬೇಡ ಎನ್ನುವ ಹಿರಿಯರಿಗೆ ಕಿರಿಯರು ಮೊದಲು ಕೇಳುವ ಪ್ರಶ್ನೆ ಇದೇ: ನಿಮ್ಮಪ್ಪ ಯುದ್ಧದಲ್ಲಿ ಹಿಡಿದದ್ದು ಏನು?

ನಾನು ಹೆಚ್ಚು ಹೊತ್ತು ನಿಂತದ್ದು ನಡುಸಾಲಿನ ಒಂದು ಮೇಜಿನ ಮುಂದೆ. ಎರಡು ರೈಫಲುಗಳನ್ನು ಅಕ್ಕಪಕ್ಕ ಮಲಗಿಸಿದ್ದರು. ಒಂದು ಮಿನಿ-14. ಕಂದು ಮರದ ಹಿಡಿ, ನೋಡಿದರೆ ತೋಟದ ಮನೆಯ ಗೋಡೆಗೆ ತೂಗುಹಾಕಿದ್ದು ಎನ್ನಬೇಕು. ಇನ್ನೊಂದು ಎಆರ್-15. ಅಲ್ಯೂಮಿನಿಯಂ, ಪ್ಲಾಸ್ಟಿಕ್, ಪಿಸ್ತೂಲಿನಂಥ ಕೈಹಿಡಿ, ಹಿಂದೆ ಮುಂದೆ ಸರಿಸಬಹುದಾದ ಹಿಂಬದಿ. ನಡುವೆ ಒಂದೇ ಪೆಟ್ಟಿಗೆ ತೋಟಾ, ಪಾಯಿಂಟ್ 223. ಎರಡಕ್ಕೂ ಅದೇ. ಎರಡಕ್ಕೂ ಬಿಚ್ಚಿ ಹಾಕುವ ಮ್ಯಾಗಜಿನ್, ಎರಡಕ್ಕೂ ಮೂವತ್ತು ತೋಟಾ ಹಿಡಿಯುವಂಥದ್ದು ಸಿಗುತ್ತದೆ. 1994ರಲ್ಲಿ ಬಂದು 2004ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಕೇಂದ್ರ ಕಾನೂನು, ಪಿಸ್ತೂಲು ಹಿಡಿ, ಬಯೊನೆಟ್ ಕೊಂಡಿ, ಮಡಚುವ ಹಿಂಬದಿ ಇಂಥ ಲಕ್ಷಣಗಳನ್ನು ಎಣಿಸಿ ಹೊಸದಾಗಿ ತಯಾರಾಗುವ ರೈಫಲುಗಳನ್ನು ತಡೆದಿತ್ತು. ಮಡಚದ ಹಿಡಿಯ ಮಿನಿ-14 ಅದರ ವಿನಾಯಿತಿ ಪಟ್ಟಿಯಲ್ಲೇ ಇತ್ತು. ಅಂಗಡಿಯಾತ ಇದನ್ನು ಕಾನೂನಿನಲ್ಲಿ ಹುರುಳಿಲ್ಲ ಎಂಬುದಕ್ಕೆ ಸಾಕ್ಷಿಯೆಂದು ತೋರಿಸಿದ. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಕೋವಿಗಾರನಿಗೆ ಅದೇ ಜೋಡಿ ಬೇರೆ ಪಾಠ ಹೇಳಿತ್ತು: ಹಿಡಿ ಮರದ್ದೋ ಪ್ಲಾಸ್ಟಿಕ್ಕಿನದೋ ಎಂಬುದಲ್ಲ, ಮ್ಯಾಗಜಿನ್ನು ಎಷ್ಟು ದೊಡ್ಡದು ಎಂಬುದನ್ನು ಕೇಳಬೇಕು. ಆ ಕಾನೂನಿನಲ್ಲಿ ಹೊಸ ಮ್ಯಾಗಜಿನ್ನಿಗೆ ಹತ್ತು ತೋಟಾಗಳ ಮಿತಿಯೂ ಇತ್ತು. ನನಗೆ ಎರಡನೆಯವನ ಮಾತು ಸರಿಯೆನಿಸಿತು.

ಎಆರ್ ಅನ್ನು ಅಂಗಡಿಯಾತ ಎರಡು ಗೂಟ ಒತ್ತಿ ಬಿಚ್ಚಿ ತೋರಿಸಿದ. ಮೇಲರ್ಧ, ಕೆಳರ್ಧ ಬೇರೆಯಾದವು. ಕಾನೂನಿನ ಕಣ್ಣಿಗೆ ಕೋವಿ ಎಂದರೆ ಆ ಕೆಳರ್ಧದ ಚೌಕಟ್ಟು ಮಾತ್ರ. ಕ್ರಮಸಂಖ್ಯೆ ಕೆತ್ತಿರುವುದು ಅದರ ಮೇಲೆ. ನಳಿಗೆ, ಬೋಲ್ಟು, ಹಿಡಿ ಎಲ್ಲ ಬರಿಯ ಬಿಡಿಭಾಗ, ಹೆಚ್ಚಿನ ಕಡೆ ಅಂಚೆಯಲ್ಲಿ ಮನೆಗೇ ತರಿಸಬಹುದು. ಹಿಂದಿನ ಕೊಳವೆಯೊಳಗೆ ಉದ್ದನೆಯ ಸ್ಪ್ರಿಂಗು. ಗುಂಡು ಹಾರಿದಾಗ ಬೋಲ್ಟು ನಳಿಗೆಯ ನೇರಕ್ಕೇ ಹಿಂದೆ ಸರಿದು ಇದನ್ನು ಒತ್ತುತ್ತದೆ. ಹಾಗಾಗಿ ಒದೆತ ಕಡಿಮೆ, ನಳಿಗೆಯ ಮೂತಿ ಅಷ್ಟಾಗಿ ಮೇಲೆ ಜಿಗಿಯುವುದಿಲ್ಲ. ಸುಮಾರು ಮೂರು ಕಿಲೋ ತೂಕ. ಎತ್ತಿ ನೋಡಿದೆ, ಅಷ್ಟು ಹಗುರ ಎಂದುಕೊಂಡಿರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಸೇನೆಗೆಂದು ರೂಪಿಸಿದ ಈ ರೈಫಲಿನ ಸೆಮಿ ಆಟೋಮ್ಯಾಟಿಕ್ ರೂಪ ಜನಸಾಮಾನ್ಯರಿಗೆ ಮಾರಾಟಕ್ಕೆ ಬಂದದ್ದು 1964ರಲ್ಲಿ. 1977ರಲ್ಲಿ ಪೇಟೆಂಟ್ ಮುಗಿಯಿತು, ಆಮೇಲೆ ಯಾರು ಬೇಕಾದರೂ ಮಾಡಬಹುದಾಯಿತು. ಈ ಚಪ್ಪರದಲ್ಲಿ ಅರ್ಧಕ್ಕರ್ಧ ಮೇಜುಗಳು ಅದರದೇ ಆಗಿರುವುದಕ್ಕೆ ಅದೂ ಒಂದು ಕಾರಣ.

ಅಭಿಪ್ರಾಯಗಳು ವಯಸ್ಸಿನ ಪ್ರಕಾರ ಅಚ್ಚುಕಟ್ಟಾಗಿ ಹಂಚಿಹೋಗುತ್ತವೆ ಎಂಬ ಊಹೆ ಇಲ್ಲಿ ಉಳಿಯಲಿಲ್ಲ. ವಿಯೆಟ್ನಾಂ ಯುದ್ಧ ಕಂಡವರೊಬ್ಬರು ಎಆರ್ ಮುಟ್ಟುವುದೇ ಇಲ್ಲವಂತೆ. ಅದರ ಸೇನಾ ರೂಪ ಎಂ-16 ಅರವತ್ತರ ದಶಕದಲ್ಲಿ ಕದನದ ನಡುವೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮದ್ದಿನ ಬಗೆ ಬದಲಾಗಿತ್ತು, ಶುಚಿ ಮಾಡುವ ಸಾಮಗ್ರಿ ಸೈನಿಕರಿಗೆ ತಲುಪಿರಲಿಲ್ಲ. 1967ರಲ್ಲಿ ಅಮೆರಿಕದ ಸಂಸತ್ತು ಇದರ ವಿಚಾರಣೆಯನ್ನೇ ನಡೆಸಿತು. ದೋಷ ಸರಿಪಡಿಸಿ ಎಷ್ಟೋ ಕಾಲವಾದರೂ ಆ ಹಿರಿಯರಿಗೆ ಅದರ ಮೇಲೆ ನಂಬಿಕೆ ಹುಟ್ಟಿಲ್ಲ. ಹೆಚ್ಚುಕಡಿಮೆ ಅದೇ ವಯಸ್ಸಿನ ಮಹಿಳೆಯೊಬ್ಬರು, ಭುಜದ ಶಸ್ತ್ರಚಿಕಿತ್ಸೆಯ ನಂತರ ತಾವು ಹಾರಿಸಬಲ್ಲ ರೈಫಲು ಇದೊಂದೇ ಎಂದರು. ಇರಾಕಿನಿಂದ ಮರಳಿದ ನಡುವಯಸ್ಕನಿಗೆ ಇದು ಕಣ್ಣುಮುಚ್ಚಿ ಬಳಸುವಷ್ಟು ಕೈಗೆ ಒಗ್ಗಿದ ಸಲಕರಣೆ. ಬೇಟೆಗಾರರ ತಕರಾರು ಇನ್ನೊಂದು: ಪಾಯಿಂಟ್ 223 ಜಿಂಕೆಗೆ ಸಣ್ಣದಾಯಿತು, ಪ್ರಾಣಿ ಗಾಯಗೊಂಡು ನರಳುತ್ತದೆ. ಕೊಲರಾಡೊ, ವರ್ಜೀನಿಯಾ ರಾಜ್ಯಗಳ ಬೇಟೆ ನಿಯಮಗಳೂ ಜಿಂಕೆಗೆ ಇದಕ್ಕಿಂತ ದಪ್ಪ ಗುಂಡನ್ನೇ ಕೇಳುತ್ತವೆ. ಪೆನ್ಸಿಲ್ವೇನಿಯಾದಲ್ಲಿ 2017ರಲ್ಲಿ ಸೆಮಿ ಆಟೋಮ್ಯಾಟಿಕ್ ರೈಫಲುಗಳಿಗೆ ಸಣ್ಣ ಪ್ರಾಣಿಗಳ ಬೇಟೆಯಲ್ಲಿ ಅವಕಾಶ ಸಿಕ್ಕಿತು. ಜಿಂಕೆಗೂ ಬಿಡುವ ಪ್ರಸ್ತಾಪ ಬಿದ್ದುಹೋಯಿತು. ಅದನ್ನು ವಿರೋಧಿಸಿದವರು ಬೇಟೆಗಾರರೇ.

ಇಷ್ಟೆಲ್ಲ ಭಿನ್ನಮತ ಇದ್ದರೂ ಯಾರೂ ಗಟ್ಟಿಯಾಗಿ ಆಡುವುದಿಲ್ಲ. ಕೇಳಿದರೆ ಮೊದಲು ಅಕ್ಕಪಕ್ಕ ನೋಡುತ್ತಾರೆ. ಹಲವರು 2007ರ ಪ್ರಸಂಗವನ್ನು ನೆನೆದರು. ಆ ವರ್ಷ ಹೆಸರಾಂತ ಬೇಟೆ ಲೇಖಕರೊಬ್ಬರು, ಇಂಥ ರೈಫಲುಗಳಿಗೆ ಬೇಟೆಯಲ್ಲಿ ಜಾಗವಿಲ್ಲ, ಅವು ಭಯೋತ್ಪಾದಕರ ರೈಫಲುಗಳು ಎಂದು ಬರೆದುಬಿಟ್ಟರು. ಕೆಲವೇ ದಿನಗಳಲ್ಲಿ ಟಿವಿ ಕಾರ್ಯಕ್ರಮ, ಪ್ರಾಯೋಜಕರು, ಅಂಕಣ ಎಲ್ಲ ಕೈಬಿಟ್ಟುಹೋದವು, ಕ್ಷಮೆ ಕೇಳಿದರೂ ಪ್ರಯೋಜನವಾಗಲಿಲ್ಲ. ಒಂದನ್ನು ಬಿಟ್ಟುಕೊಟ್ಟರೆ ನಾಳೆ ನಿಮ್ಮಜ್ಜನ ಕೋವಿಗೂ ಕೈ ಹಾಕುತ್ತಾರೆ ಎಂಬ ವಾದ ಇಲ್ಲಿ ಬಲವಾಗಿದೆ. ಅದರಲ್ಲಿ ನಿಜವಾದ ಭಯವಿದೆ ಎಂದು ಒಪ್ಪುತ್ತೇನೆ. ಆದರೆ ತಮ್ಮವರ ಎದುರು ತಮ್ಮ ಮನಸ್ಸು ಹೇಳಲಾಗದ ಸ್ಥಿತಿ ಯಾರ ಹಕ್ಕನ್ನು ಕಾಯುತ್ತದೆಯೋ ನನಗೆ ತಿಳಿಯಲಿಲ್ಲ.

ತೋಟಾ, ಚಾಕು, ಒಣಮಾಂಸದ ಮೇಜುಗಳನ್ನು ಬೇಗ ದಾಟಿದೆ. ಕೊನೆಯ ಸಾಲಿನಲ್ಲಿ ಪರವಾನಗಿ ಇರುವ ವ್ಯಾಪಾರಿಯ ಬಳಿ ಗಿರಾಕಿಗಳು 4473 ಎಂಬ ಕೇಂದ್ರ ಸರ್ಕಾರದ ನಮೂನೆ ತುಂಬುತ್ತಿದ್ದರು. ವಲಸಿಗರಿಗೂ ಅದರಲ್ಲಿ ಪ್ರಶ್ನೆಗಳಿವೆ. ತಾತ್ಕಾಲಿಕ ವೀಸಾದಲ್ಲಿರುವ ನಮ್ಮ ಕನ್ನಡದ ಎಂಜಿನಿಯರುಗಳು ಸಾಮಾನ್ಯವಾಗಿ ಕೊಳ್ಳುವಂತಿಲ್ಲ, ಆದರೆ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ಆ ತಡೆ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ವಯಸ್ಸಿನ ನಿಯಮ. ಕೇಂದ್ರ ಕಾನೂನಿನ ಪ್ರಕಾರ ಪರವಾನಗಿ ಪಡೆದ ವ್ಯಾಪಾರಿ ಪಿಸ್ತೂಲು ಮಾರಬೇಕಾದರೆ ಗಿರಾಕಿಗೆ 21 ತುಂಬಿರಬೇಕು, ರೈಫಲಿಗೆ 18 ಸಾಕು. ರೈಫಲೆಂದರೆ ಜಿಂಕೆ ಬೇಟೆ ಎಂದಷ್ಟೇ ತಿಳಿದಿದ್ದ ಕಾಲದ ವಿಂಗಡಣೆ ಅದು. 2022ರ ಮೇ ತಿಂಗಳಲ್ಲಿ ಟೆಕ್ಸಸ್ಸಿನ ಉವಾಲ್ಡೆ ಊರಿನ ಶಾಲೆಯಲ್ಲಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದವನಿಗೆ 18 ವರ್ಷ; ಅವನ ಕೈಯಲ್ಲಿದ್ದುದು ಇದೇ ಬಗೆಯ ರೈಫಲು. ಇದನ್ನೆತ್ತಿದಾಗ ಸಾಲಿನಲ್ಲಿದ್ದ ಒಬ್ಬರು, ಗುಂಡೇಟಿನ ಕೊಲೆಗಳಲ್ಲಿ ಹೆಚ್ಚಿನವು ಪಿಸ್ತೂಲಿನಿಂದ ಆಗುವಂಥವು ಎಂದರು. ಅದು ನಿಜ. ಅವರ ಹಿಂದಿದ್ದವರು, ಎಆರ್ ಕೊಳ್ಳಲೆಂದೇ ನಿಂತಿದ್ದವರು, ವಯಸ್ಸನ್ನು 21ಕ್ಕೆ ಏರಿಸಿದರೆ ತಮಗೇನೂ ನಷ್ಟವಿಲ್ಲ ಎಂದರು. ಮೊದಲಿನವರು ತಿರುಗಿ, ಸೇನೆಗೆ ಸೇರಲು 18 ಸಾಕಲ್ಲವೇ ಎಂದು ಕೇಳಿದರು. ಸೇನೆಯಲ್ಲಿ ಅದನ್ನು ರಾತ್ರಿ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ ಎಂಬ ಉತ್ತರ ಬಂತು. ಇಡೀ ಚಪ್ಪರದಲ್ಲಿ ನಾನು ಕೇಳಿದ ನೇರಾನೇರ ಚರ್ಚೆ ಅದೊಂದೇ. ಇಬ್ಬರೂ ದನಿ ಏರಿಸಲಿಲ್ಲ.

ಹೊರಬಾಗಿಲ ಹತ್ತಿರ ತನ್ನದೇ ರೈಫಲನ್ನು ಹೆಗಲಿಗೆ ಹಾಕಿಕೊಂಡು, ನಳಿಗೆಗೆ ಬೆಲೆಯ ಚೀಟಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದವನೊಬ್ಬ ಸಿಕ್ಕ. ಖಾಸಗಿಯಾಗಿ ಪಿಸ್ತೂಲು ಮಾರುವುದಾದರೆ ಈ ರಾಜ್ಯದಲ್ಲಿ ಹಿನ್ನೆಲೆ ತಪಾಸಣೆ ಕಡ್ಡಾಯ, ಉದ್ದನೆಯ ಕೋವಿಗೆ ಹಾಗಿಲ್ಲ. ನೀವು ಏನು ಮಾಡುತ್ತೀರಿ ಎಂದು ಕೇಳಿದೆ. ಪರಿಚಯದವರಲ್ಲದಿದ್ದರೆ ಪರವಾನಗಿ ಇರುವ ಆ ವ್ಯಾಪಾರಿಯ ಮೇಜಿಗೆ ಕರೆದೊಯ್ದು, ಶುಲ್ಕ ನಾನೇ ಕಟ್ಟಿ ತಪಾಸಣೆ ಮಾಡಿಸಿಯೇ ಕೊಡುತ್ತೇನೆ ಎಂದ. ಎಲ್ಲರಿಗೂ ಅದನ್ನೇ ಕಾನೂನು ಮಾಡಿದರೆ ಒಪ್ಪುತ್ತೀರಾ ಎಂದದ್ದಕ್ಕೆ, ಇಲ್ಲ, ಅದಕ್ಕೆ ಮಾತ್ರ ಒಪ್ಪುವುದಿಲ್ಲ ಎಂದು ತಲೆಯಾಡಿಸಿದ.