ತಾಯಿ ಮೀನಿನ ವಯಸ್ಸು, ಮರಿಯ ಬುತ್ತಿ

ಮೊದಲ ಸಲ ಮೊಟ್ಟೆಗೆ ಬಂದ ಕೋಳಿಯ ಚಿಕ್ಕ ಮೊಟ್ಟೆಗಳನ್ನು ಹಳ್ಳಿಯ ಅಜ್ಜಿಯರು ಕಾವಿಗೆ ಇಡುವುದಿಲ್ಲ, ಸಾರಿಗೆ ಹಾಕುತ್ತಾರೆ. ಮೀನಿನ ವಿಷಯದಲ್ಲಿ ಈ ಎಚ್ಚರ ನಮಗಿಲ್ಲ. ಮಳೆ ಬಿದ್ದು ಕೆರೆಗೆ ನೀರು ಬಂತೆಂದರೆ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕೆರೆ ಗುತ್ತಿಗೆ ಹಿಡಿದವರು ಮೊದಲು ಕೇಳುವುದು, ಸಾವಿರ ಮರಿಗೆ ಎಷ್ಟು ಎಂದು. ಅದರ ತಾಯಿಗೆ ಎಷ್ಟು ವರ್ಷ ಎಂದೂ ಕೇಳಬೇಕು.

ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲ, ಮಳೆಗಾಲದ ಹರಿವ ನೀರು ಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಂಥ ಜಿಲ್ಲೆಗೆ ಮರಿ ಬರುವುದು ಹ್ಯಾಚರಿಯಿಂದ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಮೀನನ್ನು ಮೊಟ್ಟೆ ಇಡಿಸಿದ್ದರಿಂದ ಈ ದಾರಿ ತೆರೆಯಿತು. ಆದರೆ ಚುಚ್ಚುಮದ್ದು ಮೊಟ್ಟೆಯನ್ನು ಹೊರಗೆ ತರುತ್ತದೆ ಅಷ್ಟೇ, ಒಳಗಿನ ಸತ್ವವನ್ನು ತಾಯಿಯೇ ತುಂಬಿರಬೇಕು.

ಆ ಸತ್ವವೇ ಮರಿಯ ಬುತ್ತಿ. ಫಲಿತ ಮೊಟ್ಟೆ ಬೆಚ್ಚಗಿನ ನೀರಿನಲ್ಲಿ 14ರಿಂದ 18 ಗಂಟೆಯಲ್ಲಿ ಒಡೆಯುತ್ತದೆ. ಮೊದಲ ಕೆಲವು ಗಂಟೆ ಭ್ರೂಣದ ಸ್ವಂತ ಜೀನ್‌ಗಳು ಹೆಚ್ಚುಕಡಿಮೆ ಸುಮ್ಮನಿರುತ್ತವೆ. ಒಂದು ಕೋಶ ಎರಡಾಗಿ, ನಾಲ್ಕಾಗಿ ಸೀಳುವುದೆಲ್ಲ ತಾಯಿ ಇಟ್ಟುಹೋದ ಸಾಮಗ್ರಿಯಲ್ಲೇ. ಹೊರಬಂದ ಮೇಲೂ ಸುಮಾರು ಮೂರು ದಿನ ಮರಿ ಬದುಕುವುದು ಹೊಟ್ಟೆಗಂಟಿದ ಹಳದಿ ಚೀಲದಿಂದ.

ರೋಹು ಸಾಮಾನ್ಯವಾಗಿ ಎರಡನೇ ವರ್ಷಕ್ಕೆ, ಕಾಟ್ಲಾ ಮೂರರ ಸುಮಾರಿಗೆ ಬಲಿಯುತ್ತದೆ. ಚೊಚ್ಚಲ ತಾಯಿಯ ಮೈ ಇನ್ನೂ ಬೆಳೆಯುತ್ತಿರುವುದರಿಂದ ತಿಂದದ್ದು ಮೈಗೂ ಮೊಟ್ಟೆಗೂ ಹಂಚಿಹೋಗುತ್ತದೆ. ಮೊಟ್ಟೆ ಚಿಕ್ಕದು, ಬುತ್ತಿ ಕಡಿಮೆ. ನಡುವಯಸ್ಸಿನದು ಉತ್ತಮ. ತೀರ ಮುದಿಯಾದರೆ ಹೊಟ್ಟೆ ದಪ್ಪವಿದ್ದರೂ ಫಲಿಸುವ ಪ್ರಮಾಣ ಇಳಿಯಬಹುದು, ಬೆನ್ನು ಬಾಗಿದ ಮರಿ ಹೆಚ್ಚಬಹುದು. ಗಂಡೂ ಅಷ್ಟೇ, ಮುದಿಯಾದಂತೆ ವೀರ್ಯದ ಚುರುಕು ಕುಂದುತ್ತದೆ.

ತೂಕ ನೋಡಿ ವಯಸ್ಸು ಹೇಳಲಾಗದು. ಇಕ್ಕಟ್ಟಿನ ಕೊಳದಲ್ಲಿ ಅರೆಹೊಟ್ಟೆಯಲ್ಲಿ ಬೆಳೆದ ಮೀನು ನಾಲ್ಕು ವರ್ಷಕ್ಕೂ ಸಣ್ಣದಾಗಿಯೇ ಉಳಿಯುತ್ತದೆ. ಅದಕ್ಕೇ ತಾಯಿ ಮೀನಿನ ವಯಸ್ಸಿನ ಲೆಕ್ಕದ ಪುಸ್ತಕವಿಟ್ಟಿರುವ ಹ್ಯಾಚರಿಯನ್ನೇ ನೋಡಬೇಕು.

ಸಾಮಾನ್ಯ ಗೆಂಡೆಯದು ಬೇರೆ ಕಥೆ. ಅದು ವರ್ಷ ತುಂಬುವ ಮೊದಲೇ ಬಲಿತು ಕೆರೆಯಲ್ಲೇ ಮೊಟ್ಟೆ ಇಡುತ್ತದೆ, ತಿಂದದ್ದೆಲ್ಲ ಮೊಟ್ಟೆಗೆ ಹೋಗಿ ತೂಕ ಏರದು. ಬೆಂಗಳೂರಿನ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರ ಹಂಗೇರಿ ಮೂಲದ ಅಮೂರ್ ತಳಿಯನ್ನು ಬೆಳೆಸಿದ್ದರ ಹಿಂದೆ ಈ ತೊಂದರೆಯೇ ಇದೆ.

ಹ್ಯಾಚರಿಗೆ ಹೋದರೆ ಬಿಳಿ ತಟ್ಟೆಯಲ್ಲಿ ನೂರು ಮೊಟ್ಟೆ ಹಾಕಿಸಿ ನೋಡಿ. ಫಲಿತು ಐದಾರು ಗಂಟೆಯಾದ ಒಳ್ಳೆಯ ಮೊಟ್ಟೆ ಬೆಂದ ಸಬ್ಬಕ್ಕಿಯಂತೆ ತಿಳಿಯಾಗಿ, ಒಳಗೊಂದು ಚುಕ್ಕೆ ಹೊತ್ತಿರುತ್ತದೆ. ಕೆಟ್ಟದ್ದು ನೆನೆಯದ ಸಬ್ಬಕ್ಕಿಯಂತೆ ಬೆಳ್ಳಗೆ. ಬಿಳಿಯವನ್ನು ಎಣಿಸಿದರೆ ತಾಯಿಯ ಸ್ಥಿತಿ ಅರ್ಧ ತಿಳಿದಂತೆ. ಮೊಟ್ಟೆಯ ಕಾಲ ಮೀರಿದ್ದರೆ ಮರಿಯನ್ನು ಬೋಗುಣಿಗೆ ಹಾಕಿಸಿ, ಬೆರಳಿನಿಂದ ನೀರು ತಿರುಗಿಸಿ. ಗಟ್ಟಿ ಮರಿ ಸುಳಿಗೆ ಎದುರಾಗಿ ಅಂಚಿಗೆ ಈಜುತ್ತದೆ, ಸೊರಗಿದ್ದು ನಡುವಿನಲ್ಲಿ ಗುಡ್ಡೆಯಾಗುತ್ತದೆ. ದರದ ಮಾತು ಅದಾದ ಮೇಲಿರಲಿ.