ತೆರೆದಿಟ್ಟು ಉಳಿಸಿದ ವಿದ್ಯೆ

ಇಟಲಿಯ ಇವ್ರಿಯಾ ನಗರದ ವಿನ್ಯಾಸ ವಿದ್ಯಾಲಯವೊಂದು 2005ರಲ್ಲಿ ಮುಚ್ಚುವ ಸ್ಥಿತಿಗೆ ಬಂದಿತು. ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳೂ ದೀಪ ಬೆಳಗಿಸುವ, ಮೋಟಾರು ತಿರುಗಿಸುವ ಸಾಧನಗಳನ್ನು ರಚಿಸಲೆಂದು ಅಲ್ಲಿಯ ಅಧ್ಯಾಪಕ ಮಾಸಿಮೋ ಬಾಂಜಿ ಮತ್ತು ಸಂಗಡಿಗರು ಆಗಷ್ಟೇ ‘ಆರ್ಡುಯಿನೊ’ ಎಂಬ ಅಂಗೈಯಗಲದ ಗಣಕಫಲಕವನ್ನು ಸಿದ್ಧಪಡಿಸಿದ್ದರು. ಅಲ್ಲಿಯ ವಿದ್ಯಾರ್ಥಿ ಹೆರ್ನಾಂಡೊ ಬರಗಾನ್ 2003ರಲ್ಲಿ ಆರಂಭಿಸಿದ ‘ವೈರಿಂಗ್’ ಯೋಜನೆ ಅದಕ್ಕೆ ಆಧಾರವಾಗಿತ್ತು.

ವಿದ್ಯಾಲಯದೊಡನೆ ಈ ಶ್ರಮವೂ ಅಳಿಯಬಾರದೆಂದು ಅವರು ಫಲಕದ ನಕ್ಷೆಯನ್ನೂ ತಂತ್ರಾಂಶವನ್ನೂ ಸರ್ವರಿಗೂ ತೆರೆದಿಟ್ಟರು. ಹೆಸರಿನ ಹಕ್ಕನ್ನಷ್ಟೇ ಉಳಿಸಿಕೊಂಡರು. ಹೀಗಾಗಿ ಯಾರಾದರೂ ಅದನ್ನು ತಯಾರಿಸಬಹುದು, ತಿದ್ದಬಹುದು, ಮಾರಲೂಬಹುದು. ನಮ್ಮ ದೇಶದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಲ್ಲಿಯೂ ಮಕ್ಕಳು ಅದನ್ನು ಬಳಸಿ ಕಲಿಯುತ್ತಿದ್ದಾರೆ.

ಮಗುವಿನ ಕೈಗೆ ಈ ಫಲಕವನ್ನಿಡುವ ತಾಯಿತಂದೆಗಳು ಅದರ ಹಿಂದಿರುವ ಔದಾರ್ಯವನ್ನೂ ತಿಳಿಹೇಳಲಿ. ವಿದ್ಯಾಲಯ ಮುಚ್ಚಿತು, ಪಾಠ ನಿಲ್ಲಲಿಲ್ಲ.