ಜಡ್ಡು ಎಂಬ ಶಬ್ದವೂ ಸ್ಪರ್ಶವಿಚಾರವೂ

‘ಜಡ್ಡುಗಟ್ಟು’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಪ್ರಯೋಗಗಳುಂಟು. ಕೆಲಸಗಾರನ ಅಂಗೈಯ ಚರ್ಮವು ಗಟ್ಟಿಯಾಗುವುದು ಒಂದು. ಮನಸ್ಸು ಅರಿವುಗೆಟ್ಟು ಮಂಕಾಗುವುದು ಇನ್ನೊಂದು. ಜಡ್ಡುಗಟ್ಟಿದ ಚರ್ಮವು ಏನನ್ನೂ ಅರಿಯದೆಂಬ ನಂಬಿಕೆಯೇ ಇವೆರಡನ್ನು ಬೆಸೆಯುತ್ತದೆ. ಈ ಸಾದೃಶ್ಯವು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಣೀಯವಾಗಿದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆಯ ಸುತ್ತಣ ಭೂಮಿಯು ತೆಂಗು ರಾಗಿಗಳ ಸೀಮೆ. ಅಲ್ಲಿ ಹೊಸದಾಗಿ ಗುದ್ದಲಿ ಹಿಡಿದವನ ಅಂಗೈಯಲ್ಲಿ ಮೊದಲು ಬೊಬ್ಬೆಯೇಳುವುದು ಸಹಜ. ತೀವ್ರವಾದ ಘರ್ಷಣೆಯಿಂದ ಹೊರಚರ್ಮದ ಪದರಗಳು ಬಿಟ್ಟುಕೊಂಡು ನಡುವೆ ನೀರು ತುಂಬುವುದೇ ಬೊಬ್ಬೆ. ಅದೇ ಘರ್ಷಣೆಯು ಮಿತವಾಗಿ ದಿನದಿನವೂ ಮರುಕಳಿಸಿದರೆ ಜಡ್ಡು ಮೂಡುತ್ತದೆ. ಬೊಬ್ಬೆಯು ಚರ್ಮಕ್ಕೆ ಆದ ಪೆಟ್ಟು. ಜಡ್ಡು ಚರ್ಮವು ಕೊಟ್ಟ ಉತ್ತರ.

ಈ ಉತ್ತರದ ಕ್ರಮವೆಂತು? ಹೊರಚರ್ಮದ ಜೀವಕೋಶಗಳು ಒಂದಕ್ಕೊಂದು ಬಿಗಿದುಕೊಂಡಿವೆ. ತಳದ ಸಾಲಿನವು ಕೆಳಗಣ ಪೊರೆಯನ್ನೂ ಹಿಡಿದುಕೊಂಡಿವೆ. ಮೇಲಣ ಒತ್ತಡವು ಈ ಹಿಡಿತಗಳ ಮೂಲಕ ಕೋಶದೊಳಗಣ ತಂತುಜಾಲಕ್ಕೆ ಮುಟ್ಟುತ್ತದೆ. ಕೋಶದ ಹೊದಿಕೆಯಲ್ಲಿ ಸೆಳೆತಕ್ಕೆ ತೆರೆದುಕೊಳ್ಳುವ ಸೂಕ್ಷ್ಮದ್ವಾರಗಳೂ ಇವೆ. ಅವುಗಳಲ್ಲಿ ಎರಡನ್ನು ಅಮೆರಿಕದಲ್ಲಿ ಆರ್ಡೆಮ್ ಪಟಪೂಟಿಯನ್ನರೂ ಅವರ ಸಹಚರರೂ ೨೦೧೦ರಲ್ಲಿ ಪ್ರಕಟಪಡಿಸಿ, ಒತ್ತಡವೆಂಬರ್ಥದ ಗ್ರೀಕ್ ಶಬ್ದದಿಂದ ‘ಪೀಜೋ’ ಎಂದು ಹೆಸರಿಟ್ಟರು. ಪಟಪೂಟಿಯನ್ನರು ೨೦೨೧ರ ನೊಬೆಲ್ ಪಾರಿತೋಷಕದಲ್ಲಿ ಭಾಗಿಗಳಾದರು. ಆ ದ್ವಾರವು ತೆರೆದೊಡನೆ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಹೊದಿಕೆಯ ಅಂಗಾಂಶವನ್ನು ಎಳೆದಾಗ ಅದರ ಕೋಶಗಳು ಪೀಜೋ-೧ರ ಮೂಲಕ ಬೇಗನೆ ವಿಭಜಿಸುವುದೆಂದು ೨೦೧೭ರಲ್ಲಿ ತೋರಿಸಲಾಯಿತು. ಚರ್ಮದಲ್ಲಿ ಹೀಗೆ ಹುಟ್ಟಿದ ಕೋಶಗಳು ಮೇಲೇರುತ್ತ ಕೆರಾಟಿನ್ನಿಂದ ತುಂಬಿ, ಕಡೆಗೆ ನಿರ್ಜೀವವಾಗಿ ಪದರಗಟ್ಟುತ್ತವೆ. ಕೆಲಸ ನಿಂತರೆ ಜಡ್ಡು ಕ್ರಮೇಣ ಉದುರಿ ತೆಳುವಾಗುವುದು ಎಲ್ಲರೂ ಕಂಡದ್ದೇ.

ಇಂತಿರಲು, ಜಡ್ಡಿನ ಮೇಲ್ಪದರವು ನಿರ್ಜೀವವೆಂಬುದು ದಿಟ. ಆದರೆ ಅದರ ಕೆಳಗೆ ಅರಿವು ಅಡಗುವುದೆಂಬುದು ಸಿದ್ಧವಲ್ಲ. ಕೀನ್ಯಾ ಮತ್ತು ಅಮೆರಿಕದ ಜನರ ಅಂಗಾಲುಗಳನ್ನು ಪರೀಕ್ಷಿಸಿ ೨೦೧೯ರಲ್ಲಿ ಪ್ರಕಟವಾದ ಶೋಧದಂತೆ, ಬರಿಗಾಲಿನವರ ದಪ್ಪನಾದ ಜಡ್ಡು ಸ್ಪರ್ಶಗ್ರಹಣವನ್ನು ಕುಂದಿಸಿರಲಿಲ್ಲ. ಗಟ್ಟಿಯಾದ ಪದರವು ನೆಲದ ಒತ್ತನ್ನು ಒಳಗಣ ನರಾಗ್ರಗಳಿಗೆ ಸಾಗಿಸಬಲ್ಲದು. ಇದು ಅಂಗಾಲಿನ ಮಾತು. ಅಂಗೈಗೂ ಹೀಗೆಯೇ ಎಂದು ಪರೀಕ್ಷೆಯಿಲ್ಲದೆ ಹೇಳಲಾಗದು.

ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ತರ್ಕಸಂಗ್ರಹದ ಮತದಲ್ಲಿ ಸ್ಪರ್ಶವನ್ನು ಗ್ರಹಿಸುವ ತ್ವಗಿಂದ್ರಿಯವು ಸರ್ವಶರೀರವ್ಯಾಪಿ. ಆದರೆ ಜ್ಞಾನವು ಆತ್ಮನ ಗುಣ, ಇಂದ್ರಿಯದ್ದಲ್ಲ. ಆದುದರಿಂದ ಕೋಶವು ಬಲವನ್ನು ‘ಅರಿಯುತ್ತದೆ’ ಎಂಬುದು ಉಪಚಾರದ ಮಾತು. ಒತ್ತು ಬಿದ್ದರೆ ದ್ವಾರ ತೆರೆಯುವುದೆಂಬಷ್ಟೇ ಅದರ ಮುಖ್ಯಾರ್ಥ. ಆ ಉಪಚಾರವನ್ನು ಬಿಟ್ಟರೂ ಜಡ್ಡು ಜಡತೆಯ ಗುರುತಾಗಲಾರದು. ಅದು ಬಲಕ್ಕೆ ಓಗೊಟ್ಟ ಚರ್ಮದ ಕಾರ್ಯ. ಮನಸ್ಸಿನ ವಿಷಯದಲ್ಲಿ ರೂಢವಾದ ಪ್ರಯೋಗವು ಉಳಿಯಲಿ. ಪಾಠ ಹೇಳುವವರು ಅದರ ಬಲದಿಂದ ದುಡಿದ ಕೈಯನ್ನು ಸ್ಪರ್ಶವರಿಯದ ಕೈಯೆಂದು ವಿವರಿಸದಿದ್ದರೆ ಸಾಕು.